ಹಗ್ಗ ಮುಟ್ಟಿದವರ ಪಾಲು

ಆಕೆಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹುಡುಗಿಯಾಗಿದ್ದಾಗ ಮಾವಳ್ಳಿಯ ಕಡಲ ದಂಡೆಯಲ್ಲಿ ಬಲೆಯ ಹಗ್ಗಕ್ಕೆ ಸಿಕ್ಕಿ ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಸೀಳುಗುರನ್ನು ಬಂಗಡೆ ಮೀನಿನ ಕಿವಿರಿನ ಅಡಿಗೆ ತೂರಿಸಿ, ಒಮ್ಮೆ ಮೀಟಿ, ಒಳಗಿನ ಕೆಂಪನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು.

"ನೋಡ್ಕಳ್ಳಿ ಸಿಸ್ಟ್ರಮ್ಮ. ಆಮೇಲೆ ಹೇಳುಕಿಲ್ಲ."

ಕೆಂಪು ಮಾಸಿದ ದಿನ ಮೀಟುತ್ತಿರಲಿಲ್ಲ. ಬುಟ್ಟಿ ಇಳಿಸುವ ಮೊದಲೇ, "ಇವತ್ತು ನಿನ್ನೇದು. ಬೇಕಾದ್ರೆ ತಕಳ್ಳಿ, ಬ್ಯಾಡಾದ್ರೆ ಬಿಡಿ" ಎಂದು ಹೇಳಿಬಿಡುತ್ತಿದ್ದಳು. ಐಸಿನಲ್ಲಿಟ್ಟ ಮೀನನ್ನು ಈಗಷ್ಟೇ ದೋಣಿಯಿಂದ ಇಳಿದದ್ದೆಂದು ಆಣೆ ಹಾಕುವವರ ನಡುವೆ ಆಕೆಯದು ಬೇರೆಯೇ ರೀತಿ. ಹೀಗೆ ಹೇಳಿದರೆ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೇಳಿದ್ದೆ. "ನಿನ್ನೇದ್ನ ನಿನ್ನೇದು ಹೇಳಿದ್ರೇ ಅಲ್ದಾ, ಇವತ್ತಿಂದು ಇವತ್ತಿಂದು ಹೇಳಿದ್ರೆ ಜನ ನಂಬುದು?" ಎಂದಿದ್ದಳು.

ನಮ್ಮ ಕೇರಿಗೆಲ್ಲ ಆಕೆ ಮೀನಿನಕ್ಕ. ನಾನು ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಸಿಸ್ಟರ್ ಆಗಿ ದುಡಿದು, ನಿವೃತ್ತಳಾಗಿ ಹೊನ್ನಾವರದಲ್ಲಿ ನೆಲೆ ನಿಂತವಳು. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಚಹ, ಏಳಕ್ಕೆ ಅಂಗಳದ ಕೆಲಸ. ಗಡಿಯಾರ ನಿಂತರೆ ನನ್ನ ಕೈಕಾಲೂ ನಿಲ್ಲುತ್ತವೆ. ಆಕೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೂ ಏಳು ಇಪ್ಪತ್ತಕ್ಕೆ ನಮ್ಮ ಗೇಟಿನ ಚಿಲಕ ಸದ್ದಾಗುತ್ತಿತ್ತು. ದೋಣಿ ತಡವಾಗಲಿ, ಮಳೆ ಬರಲಿ, ಹೆಚ್ಚೆಂದರೆ ಐದು ನಿಮಿಷ ಆಚೀಚೆ. ನಮ್ಮ ಗೆಳೆತನಕ್ಕೆ ಇದೇ ಬುನಾದಿ. ಸಮಯಕ್ಕೆ ಬರುವವರನ್ನು ನಾನು ಬೇಗ ನಂಬುತ್ತೇನೆ.

ನನ್ನ ಶಿಸ್ತು ಆಕೆಗೆ ತಮಾಷೆಯ ವಸ್ತು. "ಯಮ ಬಂದ್ರೂ ಸಿಸ್ಟ್ರಮ್ಮ ಒಳಗೆ ಬಿಡುದಿಲ್ಲ. ಪೇಶಂಟ್ ನೋಡೂ ಟೈಮು ನಾಲ್ಕು ಗಂಟೆಗೆ, ಅಲ್ಲೇ ಕೂತ್ಕ ಹೇಳ್ತಾರೆ" ಎಂದು ಪಕ್ಕದ ಮನೆಯವರನ್ನು ನಗಿಸುತ್ತಿದ್ದಳು. ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದಳು.

ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಇಳಿಸುವುದು ಅವಳ ರೂಢಿ. ಒಂದು ಬೆಳಿಗ್ಗೆ ಬಲಗೈಯೊಂದರಲ್ಲೇ ಇಳಿಸಿದಳು. ಎಡಗೈ ಮೈಗೆ ಅಂಟಿಕೊಂಡಿತ್ತು. ಮರುದಿನವೂ ಹಾಗೆಯೇ. ಮೂರನೆಯ ದಿನ ಒಳಗೆ ಕರೆದು ಬಾಗಿಲು ಹಾಕಿ, ಸೆರಗು ಸರಿಸು ಎಂದೆ.

"ಎಂತಕ್ಕೆ? ನಾ ಮೀನಿನ ಕಿವಿರು ತೋರ್ಸಿದ್ದು ಸಾಲ್ಲಿಲ್ವಾ, ಈಗ ನನ್ದೂ ನೋಡ್ಬೇಕಾ?"

"ಮಾತು ಬೇಡ. ಕೈ ಮೇಲೆತ್ತು."

ಎಡ ಎದೆಯಲ್ಲಿ, ಕಂಕುಳಿನ ಕಡೆಗೆ, ಹಲಸಿನ ಬೀಜದಷ್ಟು ಗಂಟು. ಒತ್ತಿದರೆ ನೋವಿಲ್ಲ, ಕೈ ಎತ್ತಿದರೆ ಎಳೆದಂತಾಗುತ್ತದೆ ಎಂದಳು. ನೋವಿಲ್ಲದ ಗಟ್ಟಿ ಗಂಟು ಎಂದರೆ ಏನೆಂದು ನನಗೆ ಗೊತ್ತು. ನನ್ನ ಮುಖ ನೋಡಿ ಆಕೆಗೂ ಗೊತ್ತಾಯಿತು. ಸೆರಗು ಹೊದ್ದುಕೊಂಡಳು.

"ಅಬ್ಬೆಗೂ ಇಲ್ಲೇ ಇತ್ತು" ಎಂದಳು. "ಯಾರ್ಗೂ ಹೇಳ್ಳಿಲ್ಲ ಅವ್ಳು. ಅರಿಶಿನ ಹಚ್ತಿತ್ತು. ಹಚ್ತಾ ಹಚ್ತಾನೇ ಹೋತು. ನಂಗೆ ಒಂಬತ್ತು ವರ್ಷ ಆಗ."

"ಅದು ಆ ಕಾಲ. ನಾಳೆ ಬೆಳಿಗ್ಗೆ ಆರೂವರೆ ಬಸ್ಸು. ನಾನೂ ಬರುತ್ತೇನೆ."

ದಕ್ಷಿಣದ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ತಿಂಗಳುಗಟ್ಟಲೆ ಡ್ರಿಪ್ಪಿನ ಔಷಧ. ಕೂದಲು ಪೂರ್ತಿ ಉದುರಿತು. ಎರಡು ಡ್ರಿಪ್ಪುಗಳ ನಡುವೆ ಮೈ ಸ್ವಲ್ಪ ಹಗುರಾದರೆ ಸಾಕು, ತಲೆಗೆ ಟವೆಲು ಸುತ್ತಿ ಸಣ್ಣ ಬುಟ್ಟಿಯೊಂದನ್ನು ಹೊತ್ತು ಬಂದುಬಿಡುತ್ತಿದ್ದಳು. ಬೈದೆ. "ಬೈಬೇಡಿ. ಕೂದ್ಲು ಹೋದ್ಮೇಲೆ ಬುಟ್ಟಿ ಎಷ್ಟು ಚಂದ ಕೂರ್ತು ಗೊತ್ತಾ? ಜಾರುದೇ ಇಲ್ಲ."

ಅದರ ಮರುವರ್ಷ ನನ್ನ ಸರದಿ. ಮುಟ್ಟು ನಿಂತು ಹನ್ನೆರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಇದನ್ನು ಒಂದು ದಿನವೂ ಕಡೆಗಣಿಸಬಾರದೆಂದು ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ ಹೇಳಿದವಳು ನಾನು. ನನ್ನದೇ ಆದಾಗ ಎರಡು ತಿಂಗಳು ಸುಮ್ಮನಿದ್ದೆ. ಆ ದಿನಗಳಲ್ಲಿ ಗೇಟಿನ ಹತ್ತಿರ ನಿಂತು ಮೀನು ಆರಿಸುವ ಬದಲು ಮೆಟ್ಟಿಲ ಮೇಲೆ ಕೂತು ಆರಿಸುತ್ತಿದ್ದೆನಂತೆ. ನನಗೆ ಅದರ ಗಮನವಿರಲಿಲ್ಲ. ಆಕೆಗಿತ್ತು.

"ಎಂತ ಆತು? ಹೇಳಿ."

ಹೇಳಿದೆ. ಆಕೆ ಎದ್ದು ಬುಟ್ಟಿಗೆ ಗೋಣಿ ಮುಚ್ಚಿದಳು. "ಬಾಗ್ಲು ಹಾಕಿ ನನ್ನ ಸೆರಗು ತೆಗ್ಸಿದ ಸಿಸ್ಟ್ರಮ್ಮ ಇವ್ರೇ ಅಲ್ದಾ? ನಾಚ್ಕೆ ಆಗುದಿಲ್ವಾ ನಿಮ್ಗೆ? ನಾಳೆ ಆರೂವರೆ ಬಸ್ಸು. ನಾನೂ ಬತ್ತೇನೆ."

ಗರ್ಭಕೋಶದ ಒಳಪದರದ ಕ್ಯಾನ್ಸರ್. ಬೇಗ ಸಿಕ್ಕಿತು, ತೆಗೆದರು. ಇನ್ನು ನಾಲ್ಕು ತಿಂಗಳು ತಡವಾಗಿದ್ದರೆ ಬೇರೆ ಮಾತು ಎಂದು ವೈದ್ಯರು ಹೇಳಿದ್ದನ್ನು ಆಕೆ ನನಗಿಂತ ಹೆಚ್ಚು ಸಲ ಕೇರಿಯಲ್ಲಿ ಹೇಳಿದ್ದಾಳೆ.

ಆಕೆಯ ಚಿಕಿತ್ಸೆ ಮುಗಿದು, ದಿನಕ್ಕೊಂದು ಗುಳಿಗೆಯ ಹಂತಕ್ಕೆ ಬಂದಾಗ ಆಸ್ಪತ್ರೆಯವರು ಒಂದು ವಿಷಯ ಕೇಳಿದರು. ಸೋಯಾ ಕಾಳಿನಿಂದ ತೆಗೆದ ಸತ್ವವೊಂದು ಎದೆಯ ಕ್ಯಾನ್ಸರ್ ಮರಳಿ ಬರದಂತೆ ತಡೆಯಬಹುದೇ ಎಂದು ನೋಡುವ ಅಧ್ಯಯನ. ದಿನದ ಗುಳಿಗೆ ತಪ್ಪುವಂತಿಲ್ಲ. ಅದರ ಜೊತೆಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಕ್ಯಾಪ್ಸೂಲ್, ಎರಡು ವರ್ಷ. ತಿಂಗಳಿಗೊಮ್ಮೆ ಕುಮಟಾದಲ್ಲಿ ತಪಾಸಣೆ. ಸೇರುವುದು ಬಿಡುವುದು ಅವರವರ ಇಷ್ಟ.

"ಸೋಯಾ ಅಂದ್ರೆ ಎಂತ? ಮೀನು ತಿನ್ನದವ್ರು ಮಾಂಸ ಹೇಳಿ ಸಾರು ಮಾಡ್ತಾರಲ್ಲ, ಆ ಉಂಡೆಯಾ?"

ಅದೇ ಕಾಳಿನದು ಎಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು. ಮರುದಿನವೇ ಅಂಗಡಿಯಿಂದ ಆ ಉಂಡೆಗಳನ್ನು ತಂದು ಬಂಗಡೆಯ ಮಸಾಲೆಯಲ್ಲೇ ಬೇಯಿಸಿದಳು. ಡಬ್ಬಿಯಲ್ಲಿ ನನಗೂ ಬಂತು. ಅವಳ ಮನೆಯಲ್ಲಿ ಮಗ ಒಂದು ಉಂಡೆ ತಿಂದು ಎದ್ದು ಹೋದನಂತೆ. ಸೊಸೆ ಮರ್ಯಾದೆಗೆ ಎರಡು ತಿಂದಳಂತೆ. "ಪಾತ್ರೆ ತಿಕ್ಕೂ ಸ್ಪಂಜಿಗೆ ಹುಳಿ ಹಾಕಿದ ಹಾಗೆ ಆತು ಸಿಸ್ಟ್ರಮ್ಮ. ಕ್ಯಾನ್ಸರು ಬರುದಿಲ್ಲ ನಿಜ. ಈ ಮನೆ ಊಟ ಬೇಡ ಹೇಳಿ ಓಡಿ ಹೋಗ್ತದೆ."

ಕುಮಟಾದ ಅಧ್ಯಯನದ ಉಸ್ತುವಾರಿ ಒಬ್ಬ ಮೇಡಂ ಕೈಯಲ್ಲಿತ್ತು. ಔಷಧಶಾಸ್ತ್ರ ಓದಿದವರು, ಭಟ್ಕಳದ ಕಡೆಯವರು, ಮನೆಮಾತು ಕೊಂಕಣಿಗೆ ಹತ್ತಿರದ ನವಾಯತಿ. ಮೀನಿನಕ್ಕ ಮನೆಯಲ್ಲಿ ಕೊಂಕಣಿ ಆಡುವವಳು. ಇವಳು ಕೊಂಕಣಿಯಲ್ಲಿ ಕೇಳಿದರೆ ಅವರು ನವಾಯತಿಯಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು, ನನಗೆ ಅರ್ಧ. ಮುಖ್ಯವಾದ ಮಾತನ್ನು ಮಾತ್ರ ಮೇಡಂ ನನಗಾಗಿ ಕನ್ನಡದಲ್ಲಿ ಹೇಳುತ್ತಿದ್ದರು.

ಮೊದಲ ದಿನವೇ ಅವರು ಉಂಡೆ ಸಾರನ್ನು ನಿಲ್ಲಿಸಿದರು. ಊಟದಲ್ಲಿ ತಿನ್ನುವ ಸೋಯಾ ಬೇರೆ, ಅದರೊಳಗಿನ ಒಂದೆರಡು ಅಂಶಗಳನ್ನು ಮಾತ್ರ ಬೇರ್ಪಡಿಸಿ ಅಳತೆ ಮಾಡಿ ತುಂಬಿದ ಕ್ಯಾಪ್ಸೂಲ್ ಬೇರೆ ಎಂದರು. ಆಮೇಲೆ ಒಂದು ಕಾಗದದ ಮೇಲೆ ಚಿತ್ರ ಬರೆದರು. ಹೆಂಗಸಿನ ಮೈಯಲ್ಲಿ ಒಂದು ಹಾರ್ಮೋನು ಇರುತ್ತದೆ. ಎದೆಯ ಕೆಲವು ಬಗೆಯ ಕ್ಯಾನ್ಸರಿನ ಜೀವಕೋಶಗಳಲ್ಲಿ ಅದು ಹೋಗಿ ಕೂರುವ ಜಾಗವಿದೆ. ಕೂತರೆ ಆ ಜೀವಕೋಶ ಬೆಳೆಯುತ್ತದೆ. ಸೋಯಾದ ಈ ಅಂಶ ನೋಡಲು ಹಾರ್ಮೋನಿನಂತೆಯೇ ಇದೆ, ಆದರೆ ಬಲ ಕಡಿಮೆ. ಅದೇ ಜಾಗದಲ್ಲಿ ತಾನು ಹೋಗಿ ಕೂತರೆ ಹಾರ್ಮೋನಿಗೆ ಜಾಗ ಸಿಗುವುದಿಲ್ಲ.

ಮೀನಿನಕ್ಕ ಚಿತ್ರವನ್ನು ತಿರುಗಿಸಿ ನೋಡಿದಳು. "ಬಸ್ಸಿನ ಸೀಟಿಗೆ ಕಿಟಕಿಂದ ಕರ್ಚೀಪು ಹಾಕಿದ ಹಾಗೆ, ಅಲ್ದಾ?"

ಮೇಡಂ ಪೆನ್ನು ಕೆಳಗಿಟ್ಟರು. "ಹೌದಕ್ಕ. ಇಷ್ಟು ವರ್ಷ ಓದಿ ನನಗೆ ಇದು ಹೊಳೆಯಲಿಲ್ಲ." ಮುಂದಿನ ತಿಂಗಳುಗಳಲ್ಲಿ ಬೇರೆ ಹೆಂಗಸರಿಗೂ ಅವರು ಕರ್ಚೀಫಿನ ಲೆಕ್ಕದಲ್ಲೇ ಹೇಳುವುದನ್ನು ನಾನು ಕೇಳಿದ್ದೇನೆ.

ಎರಡನೆಯ ವಿಷಯ ಮಾತ್ರ ಅಷ್ಟು ಸುಲಭವಾಗಿ ಇಳಿಯಲಿಲ್ಲ. ಸೇರಿದವರಲ್ಲಿ ಅರ್ಧ ಜನರಿಗೆ ಸೋಯಾದ ಸತ್ವ, ಉಳಿದರ್ಧಕ್ಕೆ ಬರೀ ಹಿಟ್ಟು. ಕ್ಯಾಪ್ಸೂಲ್ ನೋಡಲು ಒಂದೇ. ಯಾರಿಗೆ ಯಾವುದು ಎಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ.

"ಹಿಟ್ಟು ಕೊಟ್ಟು ಔಷಧಿ ಹೇಳುದಾ? ನಾ ನಿನ್ನೇ ಮೀನು ಇವತ್ತಿಂದು ಹೇಳಿ ಮಾರಿದ್ರೆ ನೀವು ಬಿಡ್ತ್ರಾ?"

"ಹಿಟ್ಟು ಇರಬಹುದು ಎಂದು ಮೊದಲೇ ಹೇಳುತ್ತಿದ್ದೇನಲ್ಲ ಅಕ್ಕ. ನೀವೂ ಹಾಗೇ ಅಲ್ಲವೇ ಮಾರುವುದು?"

ಆಕೆ ಯೋಚಿಸಿದಳು. ಸಹಿಯ ಜಾಗದಲ್ಲಿ ಆ ಸೀಳುಗುರಿನ ಹೆಬ್ಬೆಟ್ಟನ್ನು ಒತ್ತಿದಳು.

ದಿನಚರಿಯ ಚಾರ್ಟು ನನ್ನ ಪಾಲಿಗೆ ಬಂತು. ಆಕೆಗೆ ಬರೆಯಲು ಬರುವುದಿಲ್ಲ, ನನಗೆ ಬರೆಯದೆ ಇರಲು ಬರುವುದಿಲ್ಲ. ದಿನವೂ ಏಳು ಇಪ್ಪತ್ತಕ್ಕೆ ಕೇಳುತ್ತಿದ್ದೆ. ನಿನ್ನೆ ರಾತ್ರಿಯದು? ಆತು. ಇವತ್ತು ಬೆಳಿಗ್ಗೆಯದು? ಆತು. ಎರಡು ಗುರುತು. ಮೇಲೆ ತಾರೀಕು, ಕೆಳಗೆ ಮೈಯ ಸ್ಥಿತಿ. ಆ ಚಾರ್ಟಿನಲ್ಲಿ ಒಂದು ತಿದ್ದುಪಡಿಯೂ ಇರಲಿಲ್ಲ. ಮೇಡಂ ಅದನ್ನು ಬೇರೆಯವರಿಗೆ ತೋರಿಸುತ್ತಿದ್ದರು. ನನಗೆ ಹೆಮ್ಮೆಯಿತ್ತು ಎಂದು ಒಪ್ಪಿಕೊಳ್ಳಬೇಕು.

ಐದನೆಯ ತಿಂಗಳ ಭೇಟಿಯಲ್ಲಿ ನಾನು ಮೇಡಂ ಅವರನ್ನು ಕೇಳಿದೆ. ನನ್ನನ್ನೂ ಸೇರಿಸಿಕೊಳ್ಳಬಹುದೇ? ಕೇಳಬಾರದು ಎಂದುಕೊಂಡಿದ್ದೆ. ಆದರೆ ಮರುತಿಂಗಳು ನನ್ನ ಸ್ಕ್ಯಾನ್ ಇತ್ತು, ರಾತ್ರಿ ನಿದ್ದೆ ಸರಿಯಾಗುತ್ತಿರಲಿಲ್ಲ.

"ಆಗುವುದಿಲ್ಲ ಸಿಸ್ಟರ್" ಎಂದರು. "ಇದು ಎದೆಯ ಕ್ಯಾನ್ಸರಿನವರಿಗೆ ಮಾತ್ರ. ಗರ್ಭಕೋಶದಲ್ಲಿ ಈ ಕರ್ಚೀಫು ಸುಮ್ಮನೆ ಸೀಟು ಹಿಡಿಯುತ್ತದೋ, ಅಥವಾ ತಾನೇ ಚಾಲಕನಾಗಿ ಬಸ್ಸು ಓಡಿಸುತ್ತದೋ, ನಮಗಿನ್ನೂ ಖಚಿತವಿಲ್ಲ. ಗೊತ್ತಿಲ್ಲದ್ದನ್ನು ಕೊಡಲಾರೆ."

ಸರಿಯಾದ ಮಾತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹೊನ್ನಾವರದವರೆಗೆ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಆಕೆಯೂ ಆಡಲಿಲ್ಲ. ಅದು ಆಕೆಯ ಸ್ವಭಾವವಲ್ಲ ಎಂಬುದನ್ನು ನಾನು ಅಂದೇ ಗಮನಿಸಬೇಕಿತ್ತು.

ಹನ್ನೆರಡು ದಿನ ಕಳೆದು ಒಂದು ಬೆಳಿಗ್ಗೆ ಮೀನಿನ ಜೊತೆ ಸಾಗವಾನಿ ಎಲೆಯ ಸಣ್ಣ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. ಸಿಗಡಿ ಇರಬೇಕೆಂದು ಬಿಚ್ಚಿದೆ. ಹನ್ನೊಂದು ಕ್ಯಾಪ್ಸೂಲ್.

"ನಿಮ್ಮ ಪಾಲು."

"ಏನಿದು?"

"ಬೆಳಿಗ್ಗೇದು ನಂಗೆ, ರಾತ್ರಿದು ನಿಮ್ಗೆ. ಆ ಮೇಡಂಗೆ ನಿಮ್ಮ ಕೂಡೆ ಹಟ ಎಂತದೋ. ಬಸ್ಸಿನ ಚೀಟಿ ತೆಗ್ಸಿದ್ದು ನೀವು, ಚಾರ್ಟು ಬರೆದದ್ದು ನೀವು, ಈ ಗಂಟು ಹುಡ್ಕಿದ್ದೇ ನೀವು. ಹಗ್ಗ ಮುಟ್ಟಿದವ್ರಿಗೆ ಪಾಲು ಇಲ್ಲ ಹೇಳಿದ್ರೆ ಆಗ್ತದಾ?"

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡಲ ದಂಡೆಗಳಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧ ಸುತ್ತು ಹರಡಿ, ಎರಡು ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತ ಜನ ಎಳೆಯುವುದು. ಎಳೆಯಲು ಊರಿಗೆ ಊರೇ ಬರುತ್ತಿತ್ತು. ಬಲೆ ಯಾರದೇ ಇರಲಿ, ಹಗ್ಗಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರಿಗೂ ಮೀನಿನಲ್ಲಿ ಪಾಲು. ಮುದುಕರಿಗೂ ಮಕ್ಕಳಿಗೂ ಉಂಟು. ಆಕೆ ಆ ನ್ಯಾಯದಲ್ಲಿ ಬೆಳೆದವಳು. ಅವಳ ಲೆಕ್ಕದಲ್ಲಿ ಇದು ಕಳವೂ ಅಲ್ಲ, ದಾನವೂ ಅಲ್ಲ. ಸಲ್ಲಬೇಕಾದ್ದು.

"ರಾತ್ರಿಯದು ಆಯಿತೇ ಎಂದು ದಿನಾ ಕೇಳಿದೆನಲ್ಲ. ಸುಳ್ಳು ಹೇಳಿದೆಯಾ?"

"ಬಾಯಿ ಬಿಟ್ಟು ಹೇಳ್ಳಿಲ್ಲ. ಈ ಹನ್ನೊಂದು ದಿನ ತಲೆ ಮಾತ್ರ ಆಡ್ಸಿದ್ದು. ನೀವು ಕಾಗ್ದ ನೋಡ್ತಾ ಕೇಳ್ತ್ರಿ, ನನ್ನ ಮುಖ ನೋಡುದಿಲ್ಲ."

ಅದು ನಿಜ. ನನ್ನ ಕೈಯಾರೆ, ನನ್ನ ನೀಲಿ ಪೆನ್ನಿನಲ್ಲಿ, ಹನ್ನೊಂದು ಸುಳ್ಳು ಗುರುತು ಹಾಕಿದ್ದೆ.

ಇನ್ನು ಮುಂದೆ ರಾತ್ರಿಯದನ್ನೂ ನೀನೇ ನುಂಗು ಎಂದಷ್ಟೇ ಹೇಳಿದೆ. ಪೊಟ್ಟಣವನ್ನು ಅಲ್ಲೇ ತಿರುಗಿ ಕೊಡಬೇಕಿತ್ತು. ಕೊಡಲಿಲ್ಲ. ಥರ್ಮಾಮೀಟರು ಇಡುವ ಸ್ಟೀಲಿನ ಡಬ್ಬಿಯಲ್ಲಿ ಪೊಟ್ಟಣವನ್ನು ಇಟ್ಟೆ. ಎರಡು ದಿನ ಆ ಕಪಾಟಿನ ಎದುರು ಹಾದಾಗಲೆಲ್ಲ ಸ್ಕ್ಯಾನಿನ ತಾರೀಕು ನೆನಪಾಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಒಂದನ್ನು ತೆಗೆದು ನೀರಿನ ಜೊತೆ ನುಂಗಿದೆ. ನುಂಗಿದವಳು ಅಭ್ಯಾಸಬಲದಿಂದ ನನ್ನ ಡೈರಿ ತೆಗೆದು ಬರೆದೆ. 3.00, ಕ್ಯಾಪ್ಸೂಲ್, 1. ಯಾವ ಔಷಧ ತೆಗೆದುಕೊಂಡರೂ ಬರೆಯುವುದು ನಲವತ್ತು ವರ್ಷಗಳ ರೂಢಿ. ಬರೆದದ್ದನ್ನು ಓದಿದೆ. ಬೇರೆ ಯಾವ ಸಿಸ್ಟರ್ ಆದರೂ ಇದನ್ನು ಮಾಡಿದ್ದರೆ ನಾನು ಅವಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ.

ಮರುದಿನ ಏಳು ಇಪ್ಪತ್ತಕ್ಕೆ ಪೊಟ್ಟಣವನ್ನು ಮಡಿಸಿ ಆಕೆಯ ಕೈಗೆ ತಿರುಗಿ ಕೊಟ್ಟು ಹೇಳಿದೆ. "ಇದು ಬೇಡ. ಗುರುವಾರವೇ ಕುಮಟಾಕ್ಕೆ ಹೋಗಿ ಎಲ್ಲ ಹೇಳಿಬಿಡೋಣ."

ಆಕೆಯ ಮುಖ ಸಣ್ಣದಾಯಿತು. "ಹೇಳಿದ್ರೆ ನನ್ನ ತೆಗ್ದು ಹಾಕ್ತಾರೆ."

"ಹಾಕಬಹುದು."

"ನೋಡಿ ಸಿಸ್ಟ್ರಮ್ಮ, ನಂಗೆ ಇದು ಬೇಕು. ಅಬ್ಬೆಗೆ ಅರಿಶಿನ ಬಿಟ್ರೆ ಎಂತದೂ ಇರ್ಲಿಲ್ಲ. ನಂಗೆ ಇಷ್ಟೆಲ್ಲಾ ಸಿಕ್ಕಿತು. ಮೊಮ್ಮಗ್ಳಿಗೆ ಇದಕ್ಕಿಂತ ಜಾಸ್ತಿ ಸಿಗ್ಬೇಕು ಹೇಳಿ ಹೆಬ್ಬೆಟ್ಟು ಒತ್ತಿದ್ದು ನಾನು. ಮಧ್ಯದಲ್ಲಿ ಓಡ್ಸಿದ್ರೆ ನಾ ಯಾವ ಮುಖದಲ್ಲಿ ಮನಿಗೆ ಹೋಗ್ಲಿ?"

"ಹಾಗಾದರೆ ಹೇಳದೆ ಇರೋಣವೇ?"

ಸೀಳುಗುರನ್ನು ಒಂದು ಬಂಗಡೆಯ ಕಿವಿರಿಗೆ ತೂರಿಸಿ ಮೀಟಿದಳು, ಯಾರಿಗೂ ತೋರಿಸದೆ ಬಿಟ್ಟಳು. "ಆತು" ಎಂದಳು. "ಗುರುವಾರ."

ಗುರುವಾರ ಕುಮಟಾದ ಆ ಕೋಣೆಯಲ್ಲಿ ಮೇಡಂ ಕುರ್ಚಿ ತೋರಿಸುವ ಮೊದಲೇ ಆಕೆ ಎಲೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ಇದು ನಾ ನುಂಗದೇ ಇದ್ದದ್ದು, ಮೇಡಂ. ಹನ್ನೊಂದು. ಸಿಸ್ಟ್ರಮ್ಮಂಗೆ ಪಾಲು ಹೇಳಿ ತೆಗ್ದಿಟ್ಟಿದ್ದೆ. ಅವ್ರು ಬೇಡ ಹೇಳಿದ್ರು. ಚಾರ್ಟಲ್ಲಿ ಇರುದು ಸುಳ್ಳು, ಆದ್ರೆ ಅವ್ರದ್ದು ತಪ್ಪಲ್ಲ."

ಮೇಡಂ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಹತ್ತು ಇದೆಯಲ್ಲ ಅಕ್ಕ."

ಆಕೆ ಬಗ್ಗಿ ನೋಡಿದಳು. ತಾನೇ ಬೆರಳಿಟ್ಟು ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳಿಗೆ ಆ ಕ್ಷಣ ಅರ್ಥವಾಯಿತು. ಅರ್ಥವಾದ ಕೂಡಲೇ ಮುಖ ತಿರುಗಿಸಿ, "ಎಲ್ಲೋ ಬಿತ್ತು ಕಾಣ್ತದೆ, ಬಸ್ಸಲ್ಲಿ" ಎಂದಳು.

ಇಷ್ಟು ವರ್ಷದ ಪರಿಚಯದಲ್ಲಿ ಆಕೆ ಬಾಯಿ ಬಿಟ್ಟು ಹೇಳಿದ ಸುಳ್ಳನ್ನು ನಾನು ಕೇಳಿದ್ದು ಅದೊಂದೇ. ಅದೂ ನನಗಾಗಿ.

"ಬಿದ್ದಿಲ್ಲ. ನಾನು ನುಂಗಿದೆ" ಎಂದೆ. "ಮೂರನೆಯ ದಿನ, ಮಧ್ಯಾಹ್ನ ಮೂರಕ್ಕೆ." ಡೈರಿ ತೆರೆದು ತೋರಿಸಿದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎರಡೂ ವಿಷಯ ಬರೆದುಕೊಂಡು, ಹಿರಿಯ ವೈದ್ಯರಿಗೆ ತಿಳಿಸಬೇಕು, ಹೊರಗೆ ಕೂತಿರಿ ಎಂದರು.

ಹೊರಗಿನ ಬೆಂಚಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಕೂತೆವು. ಆಮೇಲೆ ಆಕೆ ತನ್ನ ಹೆಬ್ಬೆರಳನ್ನು ನನ್ನ ಮುಂದೆ ಹಿಡಿದಳು.

"ಇದು ಹ್ಯಾಂಗೆ ಆದ್ದು ಗೊತ್ತಿತ್ತಾ?"

"ಹಗ್ಗಕ್ಕೆ ಸಿಕ್ಕಿ ಎಂದಿದ್ದೆ."

"ಹೌದು. ಎಂತಕ್ಕೆ ಸಿಕ್ಕಿದ್ದು ಹೇಳ್ಳಿಲ್ಲ. ರಂಪಣಿ ಎಳೀತಿದ್ರು. ಬಲೆ ಇನ್ನೂ ನೀರಲ್ಲೇ ಇತ್ತು, ಸೊಂಟದ ಮಟ್ಟ. ಒಳಗೆ ಬಂಗಡೆ ಬೆಳ್ಳಿ ಕುದ್ದ ಹಾಗೆ ಕುದೀತಿತ್ತು. ನನ್ಗೆ ತಡೀಲಿಲ್ಲ. ಅಬ್ಬೆ ಮನೇಲಿ ಮಲಗಿದ್ಳು, ಅವ್ಳಿಗೆ ಕೊಡುಕೆ ಹೇಳಿ ಒಂದು ಮೀನು ಹಿಡಿಯುಕೆ ಕೈ ಹಾಕಿದೆ. ಹಗ್ಗ ಜಗ್ತು, ಉಗ್ರು ಹೋತು. ನಾ ಕೂಗಿದ್ದಕ್ಕೆ ಆಚೆ ಕಡೆಯವ್ರು ಕೈ ಬಿಟ್ರು, ಬಲೆ ಒಂದು ಬದಿ ಹರೀತು, ಅರ್ಧ ಮೀನು ಸಮುದ್ರಕ್ಕೇ ಹೋತು. ಅಪ್ಪ ಹೊಡೀಲಿಲ್ಲ. ಪಾಲು ಇದ್ದೇ ಇದೆ ಮಗಾ, ಬಲೆ ದಡಕ್ಕೆ ಬಂದ ಮೇಲೆ ಸಿಗ್ತದೆ ಹೇಳಿದ."

ಆ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಅರವತ್ತು ವರ್ಷ ಆತು, ನಾ ಮತ್ತೆ ಅದೇ ಮಾಡಿದೆ. ಈ ಸಲ ನಿಮ್ಗೆ ಬೇಕು ಹೇಳಿ ಕೈ ಹಾಕಿದೆ" ಎಂದಳು.

ಬಾಗಿಲು ತೆರೆಯಿತು. ಮೇಡಂ ತಾವೇ ಹೊರಗೆ ಬಂದು ನಮ್ಮ ಪಕ್ಕದಲ್ಲಿ ಕೂತರು. ಹನ್ನೊಂದು ದಿನ ರಾತ್ರಿಯ ಕ್ಯಾಪ್ಸೂಲ್ ತಪ್ಪಿದೆ ಎಂದು ದಾಖಲಾಗುತ್ತದೆ, ಅಕ್ಕ ಮುಂದುವರಿಯಬಹುದು ಎಂದರು. "ನುಂಗದ್ದನ್ನು ನುಂಗಿದ್ದೇನೆ ಎಂದು ಬರೆದರೆ ಕೆಲಸ ಮಾಡುವ ಔಷಧವೂ ಕೆಲಸ ಮಾಡದ ಹಾಗೆ ಕಾಣುತ್ತದೆ. ಆಗ ನಾವು ಅದನ್ನು ಬಿಟ್ಟೇ ಬಿಡುತ್ತೇವೆ. ನಿಮ್ಮ ಮೊಮ್ಮಗಳಿಗೂ ಸಿಗುವುದಿಲ್ಲ." ನನಗೆ ಒಂದರಿಂದ ಏನೂ ಆಗದು, ಆದರೂ ಸ್ಕ್ಯಾನಿನ ದಿನ ವೈದ್ಯರಿಗೆ ತಿಳಿಸಿ ಎಂದರು. ಚಾರ್ಟು ಬೇರೆಯವರಿಗೆ ಕೊಡಿ ಎಂದು ನಾನೇ ಹೇಳಿದೆ.

"ಬೇರೆಯವ್ರು ಎಂತಕ್ಕೆ?" ಮೀನಿನಕ್ಕನಿಗೆ ಜೀವ ಬಂದಿತ್ತು. "ತಾನು ಕದ್ದು ತಿಂದದ್ದಕ್ಕೂ ಟೈಮು ಹಾಕಿ ಬರ್ಕಳ್ಳೂ ಜನ ಮತ್ತೆಲ್ಲಿ ಸಿಗ್ತಾರೆ ನಿಮ್ಗೆ?"

ಮೇಡಂ ನಗು ತಡೆಯಲು ಎದ್ದು ಒಳಗೆ ಹೋದರು. ಅಂದಿನಿಂದ ಕ್ರಮ ಬದಲಾಯಿತು. ಬೆಳಿಗ್ಗೆಯದನ್ನು ಗೇಟಿನ ಹತ್ತಿರ ನನ್ನೆದುರೇ ನುಂಗುವುದು. ರಾತ್ರಿಯದನ್ನು ಮೇಡಂ ಒಪ್ಪಿಗೆಯಿಂದ ಸಂಜೆ ಆರಕ್ಕೆ ಮಾಡಿದೆವು. ಮಾರಿ ಮುಗಿಸಿ ಮನೆಗೆ ಹೋಗುವಾಗ ನಮ್ಮ ಮೆಟ್ಟಿಲಲ್ಲಿ ಕೂತು ನುಂಗುವುದು. ನಾನು ಕಾಗದ ಬಿಟ್ಟು ಮುಖ ನೋಡಲು ಕಲಿತೆ. "ಬಾಯಿ ತೆರೆ" ಎನ್ನುತ್ತಿದ್ದೆ. ಆಕೆ ನಾಲಗೆ ಚಾಚಿ ಅತ್ತ ಇತ್ತ ಆಡಿಸಿ ತೋರಿಸುತ್ತಿದ್ದಳು. ಹೀಗೆ ಸಿಕ್ಕ ಸಂಜೆಗಳಲ್ಲಿ ನಾನು ಆಕೆಯಿಂದ ಕಲಿತದ್ದು ಬಹಳ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಏರಿಳಿಯುವ ಲೆಕ್ಕ, ನೊಗ್ಲಿ ಮೀನಿನ ಮುಳ್ಳು ಬಿಡಿಸುವ ಬಗೆ, ಸುಮ್ಮನೆ ಕೂರುವುದು. ಕೊನೆಯದು ನನಗೆ ಕಷ್ಟವಾಯಿತು.

ಇನ್ನೊಂದು ಕೆಲಸವನ್ನೂ ಆಕೆ ತಾನಾಗಿ ಶುರು ಮಾಡಿದಳು. ಮೀನು ಕೊಡುವ ಮನೆಗಳಲ್ಲಿ, ಗಂಡಸರು ಇಲ್ಲದ ಹೊತ್ತು ನೋಡಿ, ಹೆಂಗಸರನ್ನು ಕೇಳುವುದು. "ಎದೆ ಮುಟ್ಟಿ ನೋಡ್ಕಂಡ್ರಾ ಈ ತಿಂಗ್ಳು? ಬಂಗಡೆ ಆರ್ಸುಕೆ ಅರ್ಧ ಗಂಟೆ ಬೇಕು ನಿಮ್ಗೆ, ಇದಕ್ಕೆ ಎರಡು ನಿಮಿಷ ಇಲ್ವಾ?" ಕಾರ್ಯಕ್ರಮ ಮಾಡಿ, ಭಿತ್ತಿಪತ್ರ ಹಚ್ಚಿ ನಾನು ಹೇಳುತ್ತಿದ್ದಾಗ ತಲೆ ತಗ್ಗಿಸುತ್ತಿದ್ದ ಹೆಂಗಸರೇ ಆಕೆ ಕೇಳಿದರೆ ನಕ್ಕು ಉತ್ತರ ಕೊಡುತ್ತಿದ್ದರು. ಇಬ್ಬರನ್ನು ಹಾಗೆ ನನ್ನ ಬಾಗಿಲಿಗೆ ಕರೆತಂದಳು. ಒಬ್ಬಳದು ಬರೀ ಹಾಲುಗಂಟು. ಇನ್ನೊಬ್ಬಳು ಬೇಗ ಆಸ್ಪತ್ರೆಗೆ ಹೋದಳು, ಇಂದು ಆರಾಮವಾಗಿದ್ದಾಳೆ.

ಎರಡು ವರ್ಷ ಮುಗಿಯಿತು. ಆಕೆಯ ಎಲ್ಲ ತಪಾಸಣೆಗಳೂ ಚೊಕ್ಕವಾಗಿ ಬಂದವು, ನನ್ನವೂ ಬಂದವು. ಸೇರಿದ ಎಲ್ಲರ ಸರದಿ ಮುಗಿದ ಮೇಲೆ ಮೇಡಂ ನಮ್ಮನ್ನು ಕುಮಟಾಕ್ಕೆ ಕರೆದರು. ಯಾರಿಗೆ ಯಾವುದು ಹೋಗಿತ್ತೆಂದು ಈಗ ಹೇಳಬಹುದಂತೆ. ಅವರು ಲಕೋಟೆ ಒಡೆದರು, ಓದಿದರು, ಆಕೆಯ ಕೈ ಹಿಡಿದುಕೊಂಡರು.

"ಅಕ್ಕ, ನಿಮ್ಮದು ಹಿಟ್ಟು."

ಆಕೆಗೆ ಶುರುವಾಯಿತು ನಗು. ಮೇಜು ಹಿಡಿದುಕೊಂಡು, ಕಣ್ಣೀರು ಬರುವಷ್ಟು.

"ಹಾಗಾದ್ರೆ ಸಿಸ್ಟ್ರಮ್ಮ ಕದ್ದು ತಿಂದದ್ದೂ ಹಿಟ್ಟೇ! ಅಯ್ಯೋ ದೇವ್ರೇ, ಆ ಹಿಟ್ಟಿಗೆ ನಿದ್ದೆ ಬಿಟ್ರಲ್ಲ ನೀವು!"

ನಗು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. "ಹಿಟ್ಟು ತಿಂದವ್ರದ್ದು ಲೆಕ್ಕಕ್ಕೆ ಬತ್ತದಾ ಮೇಡಂ? ನಾನೂ ಹಗ್ಗ ಎಳೆದ ಹಾಗೆ ಆತಾ?"

"ನೀವು ಹಿಟ್ಟು ತಿನ್ನದಿದ್ದರೆ ಆ ಸತ್ವದ ಗುಣ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ ಅಕ್ಕ. ಹಗ್ಗದ ಒಂದು ತುದಿ ನಿಮ್ಮದೇ."

ಫಲ ಏನೆಂದು ನಾನು ಕೇಳಿದೆ. ಮೇಡಂ ಜಾಗರೂಕರು. ಆಸೆ ಪಡುವಂತಿದೆ, ಮುಂದಿನ ಹೆಜ್ಜೆ ಇಡಬಹುದು, ಇಷ್ಟಕ್ಕಿಂತ ಹೆಚ್ಚು ಹೇಳಿದರೆ ತಪ್ಪಾಗುತ್ತದೆ ಎಂದರು. "ನಿನ್ನೇದ್ನ ನಿನ್ನೇದು ಹೇಳೂ ಜನ ಇವ್ರು" ಎಂದು ಬಸ್ಸಿನಲ್ಲಿ ಮೀನಿನಕ್ಕ ಮೆಚ್ಚಿದಳು.

ಅನಂತರವೂ ಆಕೆ ಮೂರು ವರ್ಷ ಬುಟ್ಟಿ ಹೊತ್ತಳು. ಕ್ಯಾಪ್ಸೂಲ್ ಇಲ್ಲದಿದ್ದರೂ ಸಂಜೆ ಆರಕ್ಕೆ ಮೆಟ್ಟಿಲಿಗೆ ಬರುವುದನ್ನು ಬಿಡಲಿಲ್ಲ. ಎದೆಯ ಕಾಯಿಲೆ ಮರಳಿ ಬರಲೇ ಇಲ್ಲ. ಕಳೆದ ವರ್ಷ ಒಂದು ಮಧ್ಯಾಹ್ನ, ತಾರ್ಲೆ ಮೀನಿನ ಸಾರಿನ ಊಟ ಮಾಡಿ ಚಾಪೆಯ ಮೇಲೆ ಒರಗಿದವಳು ಏಳಲಿಲ್ಲ. ಹೃದಯ ನಿಂತಿತ್ತು. ನಾನು ಹೋದಾಗ ಸೊಸೆ ಆ ಬಲಗೈಯನ್ನು ಹಿಡಿದು ಕೂತಿದ್ದಳು.

ಈ ಬೇಸಿಗೆಯಲ್ಲಿ ಮೇಡಂ ಫೋನ್ ಮಾಡಿದರು. ಗರ್ಭಕೋಶದ ಕ್ಯಾನ್ಸರ್ ಆದವರಲ್ಲೂ ಅದೇ ಸತ್ವ ಏನು ಮಾಡುತ್ತದೆಂದು ಜಾಗರೂಕತೆಯಿಂದ ನೋಡುವ ಹೊಸ ಅಧ್ಯಯನ ಆರಂಭವಾಗಿದೆ. ಪ್ರಯೋಗಾಲಯದ ಕೆಲಸ ಮುಂದೆ ಹೋಗಿದೆ, ಈಗ ಕೇಳಬಹುದಾಗಿದೆ. ಬರುತ್ತೀರಾ ಸಿಸ್ಟರ್? ಎಲ್ಲ ಪರೀಕ್ಷೆ ಮಾಡಿ ಸೇರಿಸಿಕೊಂಡರು. ನನ್ನ ಕ್ಯಾಪ್ಸೂಲಿನಲ್ಲಿ ಸೋಯಾ ಇದೆಯೋ ಹಿಟ್ಟಿದೆಯೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಸರಿ.

ಸೊಸೆ ಈಗ ನಮ್ಮ ಕೇರಿಗೆ ಮೀನು ತರುತ್ತಾಳೆ. ಶಾಲೆಗೆ ಹೋಗುವ ಮಗಳಿಗೆ ಜಡೆ ಹಾಕಿ ಹೊರಡುವುದರಿಂದ ಅವಳು ಬರುವುದು ಏಳು ನಲವತ್ತಕ್ಕೆ. ಎಷ್ಟು ಹೇಳಿದರೂ ಮೊದಲೇ ಬರಲಾಗುವುದಿಲ್ಲ. ನಾನು ಬೆಳಗಿನ ಕ್ಯಾಪ್ಸೂಲಿನ ಹೊತ್ತನ್ನೇ ಏಳು ನಲವತ್ತಕ್ಕೆ ಬದಲಾಯಿಸಿದ್ದೇನೆ. ಗೇಟಿನ ಹತ್ತಿರ ಲೋಟ ಹಿಡಿದು ನಿಂತಿರುತ್ತೇನೆ. ಅವಳು ಬುಟ್ಟಿಯನ್ನು ಎರಡೂ ಕೈಯಲ್ಲಿ ಇಳಿಸಿ, ನಾನು ನುಂಗುವವರೆಗೆ ಕಾದು, ಹತ್ತಿರ ಬರುತ್ತಾಳೆ.

"ಬಾಯಿ ತೆರೀರಿ ಸಿಸ್ಟ್ರಮ್ಮ. ಅತ್ತೆ ಹೇಳಿ ಹೋಗಿತ್ತು, ನಿಮ್ಮ ಮೇಲೆ ಒಂದು ಕಣ್ಣು ಇಡ್ಬೇಕು ಹೇಳಿ."

ನಾನು ಬಾಯಿ ತೆರೆದು ನಾಲಗೆ ಚಾಚಿ ಅತ್ತ ಇತ್ತ ಆಡಿಸಿ ತೋರಿಸುತ್ತೇನೆ. ಆಮೇಲೆ ಒಳಗೆ ಹೋಗಿ ಗುರುತು ಹಾಕುತ್ತೇನೆ.